ತಪ್ಪು ತಂತಿಯದಾ, ಜಾಯಿಂಟಿನದಾ?

ನಮ್ಮ ಬ್ಯಾಚಿನ ಗೆಳೆಯನೊಬ್ಬನ ಊರು ಮುಂಡಗೋಡ ತಾಲೂಕಿನ ಸನವಳ್ಳಿ. ಕಳೆದ ಬೇಸಿಗೆಯಲ್ಲಿ ಅವರ ಗದ್ದೆಯ ಪಂಪ್‌ಸೆಟ್ ನೀರು ಎಳೀತಿರಲಿಲ್ಲ. ವೈರು ಹಳೇದಾಯ್ತು ಅಂತ ಅವನ ಅಪ್ಪ ಸಾಲ ಮಾಡಿ ಪೂರ್ತಿ ಹೊಸ ಕೇಬಲ್ ಹಾಕಿಸಿದರು. ಮೋಟರ್ ಮತ್ತೂ ಹಾಗೇ. ಕೊನೆಗೆ ಬಂದ ಮಿಸ್ತ್ರಿ ಸ್ಟಾರ್ಟರ್ ಬಿಚ್ಚಿ, "ಹಳೇ ವೈರ್ ಚಲೋನ ಇತ್ತಲ್ರೀ, ಟರ್ಮಿನಲ್ ಸುಟ್ಟೈತಿ" ಅಂದನಂತೆ.

ಕೂದಲಿಗಿಂತ ಸಾವಿರ ಪಟ್ಟು ಸಣ್ಣ ತಂತಿಯಲ್ಲೂ ಇದೇ ಮೋಸ ಇದೆ.

2004ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಲೀಬರ್ ಅವರ ಗುಂಪು ಸಿಲಿಕಾನ್ ನ್ಯಾನೋವೈರಿನ ಮೇಲೆ ನಿಕಲ್ ಲೇಪಿಸಿ, ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿತು. ನಿಕಲ್ ಒಳಗಿಳಿದು ಸಿಲಿಕಾನಿನ ಜತೆ ಸೇರಿತು. ಹೆಚ್ಚಾದ ನಿಕಲ್ಲನ್ನು ಆಸಿಡ್ಡಿನಲ್ಲಿ ತೊಳೆದರೆ ಉಳಿಯೋದು ನಿಕಲ್ ಸಿಲಿಸೈಡ್. ತಂತಿ ತಂತಿಯಾಗೇ ಇದೆ, ಆದರೆ ಅರೆವಾಹಕ ಹೋಗಿ ಲೋಹ ಆಗಿದೆ!

ಲೆಕ್ಕ ಹಾಕೋಣ. ವ್ಯಾಸ 50 ನ್ಯಾನೋಮೀಟರ್, ಉದ್ದ 1 ಮೈಕ್ರೋಮೀಟರ್. ರೋಧ ಅಂದ್ರೆ ರೋಧಕತೆ × ಉದ್ದ ÷ ವಿಸ್ತೀರ್ಣ. ಸಿಲಿಕಾನಿನ ರೋಧಕತೆ 1 ಓಮ್-ಸೆಂಟಿಮೀಟರ್ ಅಂದುಕೊಂಡರೆ (ಡೋಪಿಂಗ್ ಮೇಲೆ ಬದಲಾಗುತ್ತೆ) ರೋಧ ಸುಮಾರು 51 ಲಕ್ಷ ಓಮ್. ಸಿಲಿಸೈಡಿನದು ಸುಮಾರು 10 ಮೈಕ್ರೋ ಓಮ್-ಸೆಂಟಿಮೀಟರ್, ಹಾಗಾಗಿ ರೋಧ ಬರೀ 51 ಓಮ್. ತಂತಿ ಸ್ವಲ್ಪ ದಪ್ಪಗಾಗೋದನ್ನು ಇಲ್ಲಿ ಬಿಟ್ಟಿದ್ದೇವೆ.

ಈಗ ಎರಡು ತುದಿಗೆ ಎರಡು ಪ್ರೋಬ್ ಇಡಿ. ಎರಡೂ ಜಾಯಿಂಟ್ ಸೇರಿ 5000 ಓಮ್ ಇದ್ದರೆ ಮೀಟರ್ ತೋರಿಸೋದು 5051. ನಾವು ಅಳೆದದ್ದು ತಂತಿಯನ್ನಲ್ಲ, ಜಾಯಿಂಟನ್ನು. ಸಿಲಿಕಾನ್ ಇದ್ದಾಗ ಈ 5000 ಲೆಕ್ಕಕ್ಕೇ ಬರ್ತಿರಲಿಲ್ಲ. ತಂತಿ ಚೆನ್ನಾದ ಮೇಲೇ ಸಮಸ್ಯೆ.

ಅದಕ್ಕೇ ನಾಲ್ಕು ಪ್ರೋಬ್. ಹೊರಗಿನ ಎರಡರಲ್ಲಿ ಕರೆಂಟ್ ಹರಿಸಿ, ಒಳಗಿನ ಎರಡರಲ್ಲಿ ವೋಲ್ಟೇಜ್ ಓದಬೇಕು. ವೋಲ್ಟ್‌ಮೀಟರ್ ಕರೆಂಟ್ ಎಳೆಯೋದೇ ಇಲ್ಲ ಅನ್ನುವಷ್ಟು ಕಡಿಮೆ. ಕರೆಂಟೇ ಇಲ್ಲದ ಜಾಯಿಂಟಿನಲ್ಲಿ ವೋಲ್ಟೇಜ್ ಬೀಳೋದೆಲ್ಲಿಂದ?

ನಮಗೆ ಇನ್ನೂ ಇಷ್ಟವಾದದ್ದು ಬೇರೆ. ಅದೇ ಗುಂಪು ತಂತಿಯ ಕೆಲವು ಭಾಗಕ್ಕೆ ಮಾತ್ರ ನಿಕಲ್ ಹಾಕಿ, ಲೋಹ-ಸಿಲಿಕಾನ್-ಲೋಹ ಒಂದೇ ತಂತಿಯಲ್ಲಿ ಬರುವಂತೆ ಮಾಡಿ ಟ್ರಾನ್ಸಿಸ್ಟರ್ ಕಟ್ಟಿತು. ಹೊರಗಿಂದ ಜಾಯಿಂಟ್ ತಂದು ಅಂಟಿಸೋ ಬದಲು ರಸಾಯನ ಕ್ರಿಯೆಯೇ ಒಳಗೆ ಜಾಯಿಂಟ್ ಮಾಡಿಕೊಟ್ಟಿತು.

ಇಂಥ ತಂತಿ ಮಾಡೋಕೆ ಬೆಂಗಳೂರಿನ ಐಐಎಸ್‌ಸಿಯಲ್ಲಿರುವಂಥ ಕ್ಲೀನ್‌ರೂಮ್ ಬೇಕು. ಅಳತೆಯ ಪಾಠಕ್ಕೆ ಪೆನ್ಸಿಲ್ ಸಾಕು. ಪೇಪರ್ ಮೇಲೆ 6ಬಿ ಪೆನ್ಸಿಲ್ಲಿನಲ್ಲಿ ದಪ್ಪ ಗೆರೆ ಎಳೆದು, ಮಲ್ಟಿಮೀಟರಿನಿಂದ 2, 4, 6, 8 ಸೆಂಟಿಮೀಟರಿಗೆ ರೋಧ ಬರೆದುಕೊಂಡು ಗ್ರಾಫ್ ಹಾಕಿ. ಉದ್ದ ಸೊನ್ನೆ ಆದಾಗ ಗೆರೆ ಸೊನ್ನೆಗೆ ಬರದೆ ಮೇಲೆಲ್ಲೋ ತಾಗಿದರೆ, ಅದೇ ಜಾಯಿಂಟಿನ ಪಾಲು.