ಗೋಡೆಯೊಳಗೆ ಜೇನು ಕೂತಾಗ

ಅಕ್ಕಾವ್ರೆ, ಕುರುಂದವಾಡದ ನಿಮ್ಮ ಹಳೇ ವಾಡೆಯ ಗೋಡೆ ಬಿರುಕಿನಲ್ಲಿರುವುದು ಹೆಜ್ಜೇನಲ್ಲ, ತುಡುವೆ. ಹೆಜ್ಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟುತ್ತದೆ. ತುಡುವೆಗೆ ಕತ್ತಲೆ ಬೇಕು, ಅದರ ಎರಿಗಳು ಸಾಲಾಗಿ ಹಲವು.

ಹುಳುಗಳನ್ನು ಕೊಲ್ಲಲು ಸೀಮೆಎಣ್ಣೆ ಸುರಿಯುವುದು ಬೇಡವೇ ಬೇಡ. ಸತ್ತ ಹುಳು, ಸೋರುವ ಜೇನುತುಪ್ಪ ಗೋಡೆಯಲ್ಲೇ ಉಳಿದು ಇರುವೆ ಮುತ್ತುತ್ತವೆ. ಬಿರುಕನ್ನು ಸುಮ್ಮನೆ ಮೆತ್ತಿದಿರೋ, ಹುಳುಗಳು ನಿಮ್ಮ ಅಡುಗೆಮನೆಗೇ ಇಳಿದಾವು!

ಜೇನು ಸಾಕುವವರನ್ನು ಕರೆಸಿ. ನಿಮ್ಮ ಜಿಲ್ಲೆಯ ಪಾಟಗಾಂವ ಜೇನಿನ ಊರೆಂದೇ ಹೆಸರಾಗಿದೆ, ಅಲ್ಲಿ ವಿಚಾರಿಸಿ. ಜೇನು ಸಾಕುವವರು ಮರಿಯಿರುವ ಎರಿಗಳನ್ನು ಮೆಲ್ಲಗೆ ಕೊಯ್ದು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ ಪೆಟ್ಟಿಗೆಯಲ್ಲಿಡುತ್ತಾರೆ. ರಾಣಿ ಒಳಗೆ ಹೋದಳೆಂದರೆ ಉಳಿದವೂ ಹಿಂದೆಯೇ. ಪೆಟ್ಟಿಗೆ ಕತ್ತಲಾದ ಮೇಲೆ ಸಾಗಲಿ. ಬಳಿಕ ಮೇಣ ಕೆರೆದು ಗಾರೆ ತುಂಬಿಸಿ. ವಾಸನೆ ಉಳಿದರೆ ಮತ್ತೊಂದು ಹಿಂಡು ಬಂದೀತು.

ಕಚ್ಚಿಸಿಕೊಂಡವರಿಗೆ ಉಸಿರು ಕಟ್ಟಿದರೆ ಮನೆಮದ್ದು ಹುಡುಕಬೇಡಿ, ನೇರ ದವಾಖಾನೆಗೆ ಒಯ್ಯಿರಿ.