ಚಿತ್ರಕಥೆಗೆ ಭರತನಿಂದ ಏನು ಕಲಿಯಬಹುದು?

ಭರತನ ನಾಟ್ಯಶಾಸ್ತ್ರವನ್ನು ಸಿನಿಮಾಕ್ಕೆ ಹೇಗೆ ಬಳಸಿಕೊಳ್ಳಬಹುದು ಎಂದು ಕೇಳಿ ಹಲವರು ಬರೆದಿದ್ದಾರೆ. ಆರು ಪತ್ರಗಳನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಎಲ್ಲರಿಗೂ ಒಂದೇ ಕಡೆಯಿಂದ ಉದಾಹರಣೆ ಸಿಗಲಿ ಎಂದು ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ವನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನ ಕಥೆಗಳು ಇಂಟರ್‌ವಲ್‌ವರೆಗೆ ಚೆನ್ನಾಗಿ ಓಡುತ್ತವೆ, ಆಮೇಲೆ ಕುಂಟುತ್ತವೆ. ಮೂರು ಅಂಕಗಳ ಸೂತ್ರವನ್ನು ತಪ್ಪದೆ ಪಾಲಿಸಿದ್ದೇನೆ. ಎಲ್ಲಿ ಎಡವುತ್ತಿದ್ದೇನೆ ಮೇಡಂ?
– ಸಹಾಯಕ ನಿರ್ದೇಶಕಿ, ಬೆಂಗಳೂರು

ಉತ್ತರ: 1979ರಲ್ಲಿ ಬಂದ ಸಿಡ್ ಫೀಲ್ಡ್ ಅವರ ಪುಸ್ತಕದಿಂದ ಮೂರು ಅಂಕಗಳ ಪಾಠ ಎಲ್ಲೆಡೆ ಹಬ್ಬಿತು. ಕಥೆಯ ಮೊದಲು ಮತ್ತು ಕೊನೆಯನ್ನು ಅದು ಚೆನ್ನಾಗಿ ಕಲಿಸುತ್ತದೆ. ಆದರೆ ನಡುವಿನ ಅರ್ಧ ಚಿತ್ರಕ್ಕೆ ಅದು ಕೊಡುವುದು ‘ಸಂಘರ್ಷ’ ಎಂಬ ಒಂದೇ ಹೆಸರನ್ನು. ಭರತ ಕಥೆಯನ್ನು ಐದು ಸಂಧಿಗಳಾಗಿ ವಿಂಗಡಿಸುತ್ತಾನೆ: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಇವುಗಳಲ್ಲಿ ಮೂರು ನಡುಭಾಗಕ್ಕೇ ಮೀಸಲು. ಪ್ರತಿಮುಖದಲ್ಲಿ ಕಥೆಯ ಬೀಜ ಮೊಳೆತು ಕಂಡೂ ಕಾಣದಂತಿರುತ್ತದೆ. ಗರ್ಭದಲ್ಲಿ ಬಯಸಿದ್ದು ಸಿಗುತ್ತದೆ, ಕೈತಪ್ಪುತ್ತದೆ, ಮತ್ತೆ ಹುಡುಕಾಟ ನಡೆಯುತ್ತದೆ. ವಿಮರ್ಶದಲ್ಲಿ ಫಲ ಇನ್ನಷ್ಟು ಬಲಿತಿರುತ್ತದೆ, ಆದರೆ ಶಾಪ, ಕೋಪ, ವ್ಯಸನಗಳಂಥ ಹೊಸ ಅಡ್ಡಿ ಎದುರಾಗುತ್ತದೆ.

ಶಾಕುಂತಲದ ನಡುಭಾಗವನ್ನು ಗಮನಿಸಿ. ಶಕುಂತಲೆಗೂ ರಾಜ ದುಷ್ಯಂತನಿಗೂ ಗಾಂಧರ್ವ ವಿವಾಹವಾಗಿದೆ, ಫಲ ಕೈಗೆ ಬಂತು ಅನ್ನಿಸುತ್ತದೆ. ನಾಲ್ಕನೆಯ ಅಂಕದಲ್ಲಿ ದೂರ್ವಾಸರ ಶಾಪ. ಐದನೆಯದರಲ್ಲಿ ದುಷ್ಯಂತ ತುಂಬಿದ ಸಭೆಯಲ್ಲಿ ಅವಳನ್ನು ಗುರುತಿಸುವುದೇ ಇಲ್ಲ. ಆರನೆಯದರಲ್ಲಿ ಅವನಿಗೆ ಎಲ್ಲವೂ ನೆನಪಾಗುತ್ತದೆ, ಅವಳು ಮಾತ್ರ ಇಲ್ಲ. ಐದರಲ್ಲಿ ಅಡ್ಡಿಯಾದದ್ದು ಮರೆವು, ಆರರಲ್ಲಿ ನೆನಪೇ ನೋವು. ಒಂದೊಂದು ಹಂತದಲ್ಲೂ ಅಡ್ಡಿಯ ಗುಣವೇ ಬದಲಾಗುತ್ತದೆ. ನಿಮ್ಮ ಕಥೆಯ ದ್ವಿತೀಯಾರ್ಧದಲ್ಲಿ ಖಳನಾಯಕನ ಕಡೆಯವರು ಹೆಚ್ಚಾಗುವುದು ಬಿಟ್ಟರೆ ಬೇರೇನೂ ಬದಲಾಗುತ್ತಿಲ್ಲವಾದರೆ ಕುಂಟಲು ಅದೇ ಕಾರಣ. ಇಂಟರ್‌ವಲ್ ಹೊತ್ತಿಗೆ ನಾಯಕಿಗೆ ಬೇಕಾದದ್ದನ್ನು ಒಮ್ಮೆ ಕೊಟ್ಟುಬಿಡಿ. ಆಮೇಲೆ ಕಿತ್ತುಕೊಳ್ಳಿ.

ಪ್ರಶ್ನೆ: ನನ್ನ ಕ್ಲೈಮ್ಯಾಕ್ಸ್ ಓದಿದವರೆಲ್ಲ ‘ಇದು ಎಲ್ಲಿಂದಲೋ ಉದುರಿದ ಹಾಗಿದೆ’ ಅನ್ನುತ್ತಾರೆ. ಅನಿರೀಕ್ಷಿತವೂ ಆಗಿರಬೇಕು, ನಂಬುವಂತೆಯೂ ಇರಬೇಕು ಅಂದರೆ ಹೇಗೆ?
– ಕಿರುಚಿತ್ರ ನಿರ್ದೇಶಕ, ಶಿವಮೊಗ್ಗ

ಉತ್ತರ: ಇದಕ್ಕೆ ಶಾಸ್ತ್ರದಲ್ಲಿರುವ ಮಾತು ‘ಬೀಜ’. ಚಿಕ್ಕದಾಗಿ ಬಿತ್ತಿದ್ದು ಮುಂದೆ ಹಲವು ಬಗೆಯಲ್ಲಿ ಹರಡಿಕೊಳ್ಳಬೇಕು. ದುಷ್ಯಂತನ ಉಂಗುರವನ್ನು ಹಿಂಬಾಲಿಸಿ ನೋಡಿ. ಮೊದಲ ಅಂಕದಲ್ಲಿ ಅದು ಬರುವುದು ವಿನೋದದ ಸಂದರ್ಭದಲ್ಲಿ. ಗೆಳತಿಗೆ ಶಕುಂತಲೆ ಗಿಡಗಳಿಗೆ ನೀರು ಹಾಕುವ ಸರದಿ ಬಾಕಿ ಉಳಿಸಿಕೊಂಡಿದ್ದಾಳೆ. ಆ ಋಣ ತೀರಿಸಲು ರಾಜ ತನ್ನ ಉಂಗುರವನ್ನು ಕೊಡಹೋಗುತ್ತಾನೆ. ಅದರ ಮೇಲಿನ ಹೆಸರನ್ನು ಓದಿ ಗೆಳತಿಯರು ಮುಖಮುಖ ನೋಡಿಕೊಳ್ಳುತ್ತಾರೆ. ಅಷ್ಟೇ. ಇದು ಮುಂದೆ ಕೆಲಸಕ್ಕೆ ಬರುವ ವಸ್ತು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ನಾಲ್ಕನೆಯ ಅಂಕದ ಹೊತ್ತಿಗೆ ಅದೇ ಉಂಗುರ ಶಾಪವಿಮೋಚನೆಯ ದಾರಿಯಾಗಿದೆ. ಐದರಲ್ಲಿ ಬೆರಳು ಬರಿದಾಗಿದೆ. ಆರರಲ್ಲಿ ಬೆಸ್ತನೊಬ್ಬನಿಗೆ ಮೀನಿನ ಹೊಟ್ಟೆಯಲ್ಲಿ ಸಿಗುತ್ತದೆ. ಮಹಾಭಾರತದ ಕಥೆಯಲ್ಲಿ ಈ ಶಾಪವೂ ಇಲ್ಲ, ಉಂಗುರವೂ ಇಲ್ಲ. ಕಾಳಿದಾಸ ಅವನ್ನು ಚಿತ್ರಕಥೆಗಾರನ ಅಗತ್ಯದಿಂದಲೇ ತಂದುಕೊಂಡ.

ನಮ್ಮಲ್ಲಿ ‘ಕಸ್ತೂರಿ ನಿವಾಸ’ (1971) ನೋಡಿ. ಕೊಡುವುದೇ ನಾಯಕನ ಸ್ವಭಾವ ಎಂಬ ಬೀಜವನ್ನು ನಿರ್ದೇಶಕರಾದ ದೊರೈ-ಭಗವಾನ್ ಮೊದಲೇ ಬಿತ್ತಿದ್ದಾರೆ. ಕೊನೆಗೆ ಮನೆಗೆ ಬಂದ ಅತಿಥಿಗೆ ಬಡಿಸಲು ಏನೂ ಇಲ್ಲದೆ ಆತ ಸಾಕಿದ ಪಾರಿವಾಳವನ್ನೇ ಬಿಟ್ಟುಕೊಡುತ್ತಾನೆ. ಆ ಅತಿಥಿ ಕೇಳಲು ಬಂದದ್ದೂ ಆ ಪಾರಿವಾಳವನ್ನೇ. ಯಾರೂ ಊಹಿಸದ ತಿರುವು, ಆದರೆ ಆ ಮನುಷ್ಯನ ಮಟ್ಟಿಗೆ ಬೇರೇನೂ ನಡೆಯುವಂತಿರಲಿಲ್ಲ. ಹೊಸ ಕ್ಲೈಮ್ಯಾಕ್ಸ್ ಹುಡುಕುವುದನ್ನು ಬಿಟ್ಟು ನಿಮ್ಮ ಮೊದಲ ಹದಿನೈದು ಪುಟಗಳನ್ನು ತಿದ್ದಿ.

ಪ್ರಶ್ನೆ: ಭಾವನೆ ಪ್ರೇಕ್ಷಕರಿಗೆ ತಲುಪಲಿ ಎಂದು ಸಂಭಾಷಣೆ ಬರೆದರೆ ‘ಮಾತು ಜಾಸ್ತಿ’ ಅನ್ನುತ್ತಾರೆ. ತೆಗೆದರೆ ‘ಎಮೋಷನ್ ಕನೆಕ್ಟ್ ಆಗ್ತಿಲ್ಲ’ ಅನ್ನುತ್ತಾರೆ.
– ಧಾರಾವಾಹಿ ಸಂಭಾಷಣೆಕಾರ, ಮೈಸೂರು

ಉತ್ತರ: ವಿಭಾವ, ಅನುಭಾವ, ವ್ಯಭಿಚಾರಿಭಾವಗಳು ಕೂಡಿದಾಗ ರಸ ಹುಟ್ಟುತ್ತದೆ ಎಂಬುದು ಭರತನ ಸೂತ್ರ. ಭಾವಕ್ಕೆ ಕಾರಣವಾಗುವ ಸನ್ನಿವೇಶ, ಅದು ಮೈಯಲ್ಲಿ ತೋರುವ ಬಗೆ, ಅದರೊಡನೆ ಬಂದು ಹೋಗುವ ಸಣ್ಣ ಭಾವಗಳು, ಇವು ಮೂರನ್ನು ಬರೆಯುವುದು ನಿಮ್ಮ ಕೆಲಸ. ರಸದ ಹೆಸರನ್ನೇ ಹೇಳುವುದನ್ನು ಆಲಂಕಾರಿಕ ಮಮ್ಮಟ ದೋಷವೆಂದೇ ಎಣಿಸಿದ್ದಾನೆ. ‘ನನಗೆ ತುಂಬಾ ದುಃಖವಾಗಿದೆ’ ಎಂದು ಪಾತ್ರ ಹೇಳಿದ ಕ್ಷಣ ಪ್ರೇಕ್ಷಕನಿಗೆ ಅನುಭವಿಸಲು ಏನೂ ಉಳಿಯುವುದಿಲ್ಲ.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು (1977) ಮತ್ತೊಮ್ಮೆ ನೋಡಿ. ವಿಧವೆ ಯಮುನೆಯ ಸಂಕಟವನ್ನು ನಾವು ಕಾಣುವುದು ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಮೂಲಕ. ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ನಮಗೆ ಆಗುತ್ತದೆ. ಆ ಅಂತರದಲ್ಲಿ ಕರುಣರಸ ತುಂಬಿಕೊಳ್ಳುತ್ತದೆ. ಭಾಷಣ ಬೇಕಾಗುವುದಿಲ್ಲ. ಒಂದು ದೃಶ್ಯ ಬರೆಯುವ ಮುಂಚೆ ಅದರ ನೆಲೆಯ ಭಾವ, ಅಂದರೆ ಸ್ಥಾಯಿಭಾವ, ಯಾವುದೆಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಬರೆದ ಮೇಲೆ ಆ ಭಾವದ ಹೆಸರು ಸಂಭಾಷಣೆಯಲ್ಲಿ ಎಲ್ಲಿ ಬಂದಿದೆಯೋ ಅಲ್ಲೆಲ್ಲ ಹೊಡೆದುಹಾಕಿ.

ಪ್ರಶ್ನೆ: ಹಾಸ್ಯನಟರಿಗಾಗಿ ಬೇರೆ ಟ್ರ್ಯಾಕ್ ಬರೆಯಲೇಬೇಕು ಎನ್ನುತ್ತಾರೆ ನಿರ್ಮಾಪಕರು. ಬರೆಯಲೇ?
– ಕಥೆಗಾರ, ಹಾಸನ

ಉತ್ತರ: ಬರೆಯಿರಿ, ಆದರೆ ಮುಖ್ಯ ಕಥೆಯ ಋಣ ಅದರ ಮೇಲಿರಲಿ. ಉಪಕಥೆಗಳಲ್ಲಿ ಎರಡು ಬಗೆ: ದೂರದವರೆಗೆ ಬರುವುದು ಪತಾಕೆ, ಸ್ವಲ್ಪದರಲ್ಲೇ ಮುಗಿಯುವುದು ಪ್ರಕರಿ. ರಾಮಾಯಣದಲ್ಲಿ ಸುಗ್ರೀವನದು ಪತಾಕೆ, ಶಬರಿಯದು ಪ್ರಕರಿ. ಸುಗ್ರೀವನಿಗೆ ಅವನದೇ ದುಃಖ, ಅವನದೇ ಲಾಭ ಉಂಟು, ಆದರೂ ಅವನಿಲ್ಲದೆ ರಾಮನ ಕಾರ್ಯ ಮುಂದೆ ಸಾಗದು. ಪತಾಕೆ ಗರ್ಭ ಅಥವಾ ವಿಮರ್ಶ ಸಂಧಿಯಲ್ಲೇ ಮುಗಿಯಬೇಕೆಂಬ ನಿಯಮವೂ ಇದೆ. ಕ್ಲೈಮ್ಯಾಕ್ಸ್‌ನಲ್ಲಿ ಎರಡನೆಯ ಕಥೆಯನ್ನೂ ಮುಗಿಸಲು ಹೊರಟು ಹಾಳಾದ ಚಿತ್ರಗಳನ್ನು ನೀವೇ ನೋಡಿದ್ದೀರಿ.

ಪ್ರಶ್ನೆ: ಹಿಂದಿನ ಕಥೆ ಹೇಳಲು ಫ್ಲ್ಯಾಶ್‌ಬ್ಯಾಕ್ ಬಿಟ್ಟರೆ ಬೇರೆ ದಾರಿ ಇಲ್ಲವೇ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ತೋರಿಸಬೇಕಾದ್ದು, ಬರೀ ಸೂಚಿಸಬೇಕಾದ್ದು ಎಂದು ನಮ್ಮ ನಾಟಕಕಾರರು ಘಟನೆಗಳನ್ನು ಬೇರ್ಪಡಿಸುತ್ತಿದ್ದರು. ಸೂಚಿಸಲು ವಿಷ್ಕಂಭಕ, ಪ್ರವೇಶಕ ಮೊದಲಾದ ಐದು ಉಪಾಯಗಳಿವೆ. ಶಾಕುಂತಲದಲ್ಲಿ ದೂರ್ವಾಸರ ಶಾಪ ಬರುವುದು ನಾಲ್ಕನೆಯ ಅಂಕದ ಮೊದಲಿಗಿರುವ ಕಿರುದೃಶ್ಯದಲ್ಲಿ, ಅಂದರೆ ವಿಷ್ಕಂಭಕದಲ್ಲಿ. ಇಬ್ಬರು ಗೆಳತಿಯರು ಹೂ ಬಿಡಿಸುತ್ತಿದ್ದಾರೆ, ಋಷಿಯ ದನಿ ತೆರೆಯ ಹಿಂದಿನಿಂದ ಕೇಳುತ್ತದೆ. ಶಕುಂತಲೆಗೆ ಅದು ಗೊತ್ತೇ ಆಗುವುದಿಲ್ಲ, ಅವರೂ ಹೇಳುವುದಿಲ್ಲ. ಹೀಗೆ ಮಾಹಿತಿಯೂ ಸಿಕ್ಕಿತು, ಪ್ರೇಕ್ಷಕನ ಎದೆಯಲ್ಲಿ ಆತಂಕವೂ ಉಳಿಯಿತು. ಫ್ಲ್ಯಾಶ್‌ಬ್ಯಾಕ್ ಬರೆಯುವ ಮೊದಲು, ಈ ಸಂಗತಿ ಗೊತ್ತಿಲ್ಲದವರು ಯಾರು ಎಂದು ಕೇಳಿಕೊಳ್ಳಿ.

ಪ್ರಶ್ನೆ: ಸುಖಾಂತ್ಯವೇ ಆಗಬೇಕು, ನಾಯಕ ಉತ್ತಮ ಕುಲದವನೇ ಆಗಿರಬೇಕು ಎನ್ನುವ ಶಾಸ್ತ್ರ ಇಂದಿನ ಕಥೆಗಳಿಗೆ ಹೇಗೆ ಹೊಂದುತ್ತದೆ?
– ರಂಗಕರ್ಮಿ, ಧಾರವಾಡ

ಉತ್ತರ: ಎಲ್ಲವೂ ಹೊಂದುವುದಿಲ್ಲ, ಹೊಂದಿಸಲೂ ಬಾರದು. ಪಾತ್ರಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ವಿಂಗಡಿಸಿ, ರಾಜನ ಬಾಯಲ್ಲಿ ಸಂಸ್ಕೃತ, ಹೆಂಗಸರ ಮತ್ತು ಸೇವಕರ ಬಾಯಲ್ಲಿ ಪ್ರಾಕೃತ ಇಡುವ ಕ್ರಮ ಆ ಸಮಾಜದ್ದು. ಅದನ್ನು ಅಲ್ಲಿಗೇ ಬಿಡಬೇಕು. ರಾಮ್ ರೆಡ್ಡಿಯವರ ‘ತಿಥಿ’ ಚಿತ್ರದ ಗಡ್ಡಪ್ಪ ಯಾವ ಶಾಸ್ತ್ರದ ಪ್ರಕಾರವೂ ನಾಯಕನಲ್ಲ, ಆದರೆ ಅವನನ್ನು ಮರೆಯಲು ಆಗುವುದಿಲ್ಲ. ದುರಂತದ ವಿಷಯದಲ್ಲಿ ನಮ್ಮವರೇ ನಿಯಮ ಮೀರಿದ್ದಾರೆ. ಭಾಸನ ‘ಊರುಭಂಗ’ದಲ್ಲಿ ದುರ್ಯೋಧನ ರಂಗದ ಮೇಲೆಯೇ ಸಾಯುತ್ತಾನೆ. ರನ್ನನ ‘ಗದಾಯುದ್ಧ’ದಲ್ಲಿ ಗೆಲ್ಲುವವನು ಭೀಮನಾದರೂ ಮನಸ್ಸು ದುರ್ಯೋಧನನ ಹಿಂದೆ ಹೋಗುತ್ತದೆ. ನಾಟ್ಯಕ್ಕೆ ಲೋಕವೇ ಪ್ರಮಾಣ ಎಂದು ಭರತನೂ ಹೇಳಿದ್ದಾನೆ. ನಿಮ್ಮ ಕಾಲದ ಲೋಕವನ್ನು ನೋಡಿ ಬರೆಯಲು ಅಷ್ಟು ಅಪ್ಪಣೆ ಸಾಕು.

ಕೊನೆಯದಾಗಿ ಎಲ್ಲರಿಗೂ ಒಂದು ಮಾತು. ಸಂಧಿಗಳಿಗೆ 64 ಅಂಗಗಳಿವೆ ಎಂದು ಪಟ್ಟಿ ಬಾಯಿಪಾಠ ಮಾಡಬೇಡಿ. ಅವುಗಳನ್ನು ರಸಕ್ಕೆ ಹೊಂದುವಂತೆ ಬಳಸಬೇಕೇ ಹೊರತು ಶಾಸ್ತ್ರ ಹೇಳಿತೆಂದು ತುಂಬಬಾರದು ಎಂದು ಆಲಂಕಾರಿಕ ಆನಂದವರ್ಧನ ಎಂದೋ ಎಚ್ಚರಿಸಿದ್ದಾನೆ. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ರಸದ ಅಧ್ಯಾಯಗಳನ್ನು ಓದಿ. ಬಸವಪ್ಪಶಾಸ್ತ್ರಿಗಳ ‘ಕರ್ಣಾಟಕ ಶಾಕುಂತಲ’ವನ್ನೋ ಎಸ್.ವಿ. ಪರಮೇಶ್ವರ ಭಟ್ಟರ ಅನುವಾದವನ್ನೋ ಪೆನ್ಸಿಲ್ ಹಿಡಿದು, ಉಂಗುರ ಬಂದ ಕಡೆಯೆಲ್ಲ ಗೆರೆ ಎಳೆಯುತ್ತ ಓದಿ. ಮುಂದಿನ ಚಿತ್ರಕಥೆಯ ಮೊದಲ ಪುಟ ಬರೆಯುವುದು ಆಮೇಲಿರಲಿ.