ಸೇತುವೆಯ ಕೆಳಗೂ ಒಂದು ದಾರಿ



ಹೊಸರಿತ್ತಿಯ ಪಕ್ಕದಲ್ಲಿ ಹರಿಯುವ ವರದಾ ನದಿಯನ್ನು ನೀವು ನೋಡಿರಬಹುದು. ಅದು ಮುಂದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಇದೇ ತುಂಗಭದ್ರೆ, ಗಳಗನಾಥಕ್ಕೆ ಬರುವ ಮೊದಲು ಹರಿಹರ ಪಟ್ಟಣದ ಪಕ್ಕದಲ್ಲಿ ಹಾಯ್ದು ಬರುತ್ತದೆ. ನದಿಯ ಒಂದು ದಡದಲ್ಲಿ ಹರಿಹರ, ಇನ್ನೊಂದು ದಡದಲ್ಲಿ ನಮ್ಮ ರಾಣೆಬೆನ್ನೂರು ತಾಲ್ಲೂಕು. ಬೆಂಗಳೂರು–ಧಾರವಾಡ ಹೆದ್ದಾರಿಗಾಗಿ ಇಲ್ಲಿ 1868ರಲ್ಲಿ ಕಮಾನುಗಳ ಸೇತುವೆಯೊಂದನ್ನು ಕಟ್ಟಿ ಮುಗಿಸಿದರು. ಆಗ ಹರಿಹರ ಮೈಸೂರು ಸಂಸ್ಥಾನದಲ್ಲಿತ್ತು. ರಾಣೆಬೆನ್ನೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು.

ಒಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಹೀಗೆ ಕೇಳಿದೆ: "ಇಂಥ ಸೇತುವೆಯ ಕೆಳಗೆ ಹರಿಗೋಲು ಹಾಯಬೇಕು. ಅಂಬಿಗರು ಯಾವ ಕಮಾನನ್ನು ಆರಿಸಿಕೊಳ್ಳುತ್ತಾರೆ?" ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಎಲ್ಲಾ ಒಂದೇ ಅಲ್ರೀ ಸರ್? ನೀರು ಇದ್ದಲ್ಲೆ ಹೋದರಾತು" ಎಂದಳು. ಅವಳ ಮಾತು ನಿಜವೇ? ನೋಡೋಣ.

ಹರಿಗೋಲಿಗೆ ಎಷ್ಟು ನೀರು ಬೇಕು?

ಸುಮಾರು 500 ವರ್ಷಗಳ ಹಿಂದೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗಲ್ ದೇಶದ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಹರಿಗೋಲುಗಳನ್ನು ನೋಡಿ ಬರೆದಿಟ್ಟಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದವು, ಹೊರಗೆ ಚರ್ಮದ ಹೊದಿಕೆ ಇತ್ತು, 15–20 ಜನರನ್ನು ಹೊರುತ್ತಿದ್ದವು, ಹೋಗುವಾಗ ಗಿರಗಿರನೆ ತಿರುಗುತ್ತಿದ್ದವು ಎಂದು ಅವನು ಹೇಳುತ್ತಾನೆ.

ಹರಿಗೋಲು ಅಗಲವಾಗಿದ್ದು ತಳ ಚಪ್ಪಟೆಯಾಗಿರುವುದರಿಂದ ನೀರಿನಲ್ಲಿ ಹೆಚ್ಚು ಮುಳುಗುವುದಿಲ್ಲ. ಲೆಕ್ಕ ಮಾಡಿ ನೋಡಿ. 2 ಮೀಟರ್ ವ್ಯಾಸದ ಹರಿಗೋಲಿನ ತಳದ ವಿಸ್ತೀರ್ಣ 3.14 ಚದರ ಮೀಟರ್. ಹರಿಗೋಲು ಮತ್ತು ಜನರ ಒಟ್ಟು ತೂಕ 314 ಕಿಲೋಗ್ರಾಂ ಎಂದುಕೊಳ್ಳಿ. ಆರ್ಕಿಮಿಡೀಸನ ತತ್ವದಂತೆ ಅದು 314 ಕಿಲೋಗ್ರಾಂ, ಅಂದರೆ 314 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಅದಕ್ಕಾಗಿ ಅದು ಮುಳುಗುವುದು ಕೇವಲ 10 ಸೆಂಟಿಮೀಟರ್! ಕಲ್ಲುಬಂಡೆಗಳಿರುವ, ಆಳವಿಲ್ಲದ ನಮ್ಮ ನದಿಗಳಿಗೆ ಇಷ್ಟು ಹೊಂದುವ ದೋಣಿ ಮತ್ತೊಂದಿಲ್ಲ.

ಆದರೆ ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವುದು ಸ್ವಲ್ಪ ತಪ್ಪಿದರೂ ಅದು ತಿರುಗಿಬಿಡುತ್ತದೆ. ಸೇತುವೆಯ ಕೆಳಗೆ ಕಷ್ಟ ಶುರುವಾಗುವುದು ಇಲ್ಲಿಯೇ.

ಕಂಬಗಳು ಏನು ಮಾಡುತ್ತವೆ?

100 ಮೀಟರ್ ಅಗಲದ ನದಿಯಲ್ಲಿ 2 ಮೀಟರ್ ದಪ್ಪದ 10 ಕಂಬಗಳನ್ನು ಕಟ್ಟಿದರೆಂದು ಭಾವಿಸೋಣ. ನೀರು ಹರಿಯಲು ಉಳಿಯುವುದು 80 ಮೀಟರ್ ಮಾತ್ರ. ಮೇಲಿನಿಂದ ಬರುವ ನೀರು ಅಷ್ಟೇ ಇರುತ್ತದೆ, ಜಾಗ ಕಡಿಮೆಯಾಗಿದೆ. ಆದ್ದರಿಂದ ನೀರು ವೇಗವಾಗಿ ಓಡಲೇಬೇಕು. ಆಳ ಅಷ್ಟೇ ಇದ್ದರೆ, ಗಂಟೆಗೆ 4 ಕಿಲೋಮೀಟರ್ ಇದ್ದ ವೇಗ 5 ಕಿಲೋಮೀಟರ್ ಆಗುತ್ತದೆ. "ಒಂದೇ ಕಿಲೋಮೀಟರ್ ತಾನೇ" ಎನ್ನಬೇಡಿ. ನೀರಿನ ನೂಕು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 4ರ ವರ್ಗ 16, 5ರ ವರ್ಗ 25. ಅಂದರೆ ನೂಕು ಒಂದೂವರೆ ಪಟ್ಟಿಗಿಂತ ಹೆಚ್ಚು!

ಕಂಬಕ್ಕೆ ಬಡಿದ ನೀರು ಎರಡು ಕಡೆ ಸೀಳಿ ಹೋಗುತ್ತದೆ, ಕಂಬದ ಹಿಂದೆ ಸುಳಿಗಳು ಏಳುತ್ತವೆ. ಕಂಬದ ಬುಡದಲ್ಲಿ ನೀರು ಮರಳನ್ನು ಕೊರೆದು ಗುಂಡಿ ಮಾಡುತ್ತದೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು ಇರುವ ಹೊಳೆಯಲ್ಲಿಯೂ ಕಂಬದ ಬಳಿ ಆಳುದ್ದದ ಗುಂಡಿ ಇರಬಹುದು.

ಲಂಡನ್ ನಗರದ ಥೇಮ್ಸ್ ನದಿಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ 1209ರಲ್ಲಿ ಕಟ್ಟಿ ಮುಗಿಸಿದ ಹಳೆಯ ಸೇತುವೆಗೆ ದಪ್ಪ ಕಂಬಗಳು, ಕಿರಿದಾದ ಕಮಾನುಗಳು ಇದ್ದವು. ನೀರು ಒಂದು ಬದಿಯಲ್ಲಿ ಏರಿ ನಿಂತು, ಕಮಾನುಗಳ ಮೂಲಕ ಜಲಪಾತದಂತೆ ಧುಮುಕುತ್ತಿತ್ತು. ದೋಣಿಯಲ್ಲಿ ಬಂದ ಎಷ್ಟೋ ಜನ ಸೇತುವೆಯ ಮೊದಲೇ ಇಳಿದು, ದಡದ ಮೇಲೆ ನಡೆದು, ಆಚೆ ಮತ್ತೆ ದೋಣಿ ಹತ್ತುತ್ತಿದ್ದರು. ಕೊನೆಗೆ 1831ರಲ್ಲಿ ಅಗಲವಾದ ಕಮಾನುಗಳ ಹೊಸ ಸೇತುವೆ ಬಂತು, ಹಳೆಯದನ್ನು ಕೆಡವಿದರು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಮರಳು, ಎರಡು ಬಕೆಟ್ ನೀರು, ಮೂರು ಇಟ್ಟಿಗೆ ತುಂಡು, ಮೂರು ದುಂಡು ಕಲ್ಲು, ಒಣ ಎಲೆಯ ಚೂರು.

1. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದ, ಒಂದು ಗೇಣು ಅಗಲದ ಕಾಲುವೆ ತೋಡಿ ತಳಕ್ಕೆ ಮರಳು ಹಾಸಿ.
2. ಒಂದು ತುದಿಯಿಂದ ಒಂದೇ ಸಮನಾಗಿ ನೀರು ಸುರಿಯಿರಿ. ಎಲೆಯ ಚೂರು ತೇಲಿಬಿಟ್ಟು ಅದರ ಓಟ ನೋಡಿ.
3. ನಡುವೆ ಇಟ್ಟಿಗೆ ತುಂಡುಗಳನ್ನು ಸಾಲಾಗಿ ನಿಲ್ಲಿಸಿ ಮತ್ತೆ ನೀರು ಸುರಿಯಿರಿ. ಎಲೆ ಎಲ್ಲಿ ಓಡಿತು? ಎಲ್ಲಿ ತಿರುಗಿತು? ಮರಳು ಎಲ್ಲಿ ಕೊರೆಯಿತು?
4. ಇಟ್ಟಿಗೆಯ ಬದಲು ದುಂಡು ಕಲ್ಲುಗಳನ್ನು ಇಟ್ಟು ಹೋಲಿಸಿ. ಸೇತುವೆಯ ಕಂಬಗಳ ಮುಂಭಾಗವನ್ನು ದುಂಡಗೆ ಅಥವಾ ಚೂಪಾಗಿ ಏಕೆ ಕಟ್ಟುತ್ತಾರೆಂದು ನಿಮಗೇ ತಿಳಿಯುತ್ತದೆ.

ಈಗ ಉತ್ತರ

ಅಂಬಿಗರಿಗೆ ಎಲ್ಲ ಕಮಾನುಗಳೂ ಒಂದೇ ಅಲ್ಲ. ಸಾಕಷ್ಟು ನೀರಿದ್ದು, ಬಂಡೆ, ಕಸ ಸಿಕ್ಕಿಕೊಳ್ಳದ ಕಮಾನು ಬೇಕು. ಕಂಬದಿಂದ ದೂರವಿರಲು ಕಮಾನಿನ ನಟ್ಟನಡುವೆ ಹಾಯಬೇಕು. ಕಮಾನಿನ ಎತ್ತರವೂ ಅಲ್ಲಿಯೇ ಹೆಚ್ಚು. ಮಳೆಗಾಲದಲ್ಲಿ ನೀರು ಏರಿದಷ್ಟೂ ತಲೆಯ ಮೇಲಿನ ಜಾಗ ಕಿರಿದಾಗುತ್ತದೆ, ಕೆಳಗಿನ ಸೆಳೆತ ಹೆಚ್ಚುತ್ತದೆ. ಆಗ ಜಾಣ ಅಂಬಿಗರು ಯಾವ ಕಮಾನನ್ನೂ ಆರಿಸುವುದಿಲ್ಲ. ಹರಿಗೋಲನ್ನು ದಡಕ್ಕೆ ಎಳೆದು ಬೋರಲು ಹಾಕುತ್ತಾರೆ.

ನೀವೂ ಹಾಗೆಯೇ ಮಾಡಿ. ಸೇತುವೆಯ ನೆರಳು ತಂಪಾಗಿದೆ ಎಂದು ಕಂಬಗಳ ಬಳಿ ಈಜಲು ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಗುಂಡಿಯೂ ಸುಳಿಯೂ ಇರಬಹುದು. ಇದನ್ನು ಮನೆಯಲ್ಲಿ ತಮ್ಮ ತಂಗಿಯರಿಗೂ ಹೇಳಿ.

ಯೋಚಿಸಿ ಉತ್ತರಿಸಿ

1. ಮೇಲಿನ ಹರಿಗೋಲಿಗೆ ಇನ್ನೂ 157 ಕಿಲೋಗ್ರಾಂ ಭಾರ ಹೇರಿದರೆ ಅದು ಒಟ್ಟು ಎಷ್ಟು ಮುಳುಗುತ್ತದೆ?
2. 100 ಮೀಟರ್ ನದಿಗೆ 2 ಮೀಟರ್ ದಪ್ಪದ 5 ಕಂಬಗಳು ಮಾತ್ರ ಇದ್ದರೆ ನೀರಿಗೆ ಎಷ್ಟು ಅಗಲ ಉಳಿಯುತ್ತದೆ? ವೇಗ ಹೆಚ್ಚೋ ಕಡಿಮೆಯೋ?
3. ಸೇತುವೆ ಬರುವ ಮೊದಲು ನಿಮ್ಮೂರಿನವರು ಹೊಳೆಯನ್ನು ಹೇಗೆ ದಾಟುತ್ತಿದ್ದರು? ಅಜ್ಜ ಅಜ್ಜಿಯನ್ನು ಕೇಳಿ ಬರೆಯಿರಿ.